ಮೂರು ಕೊಳವೆ, ಎರಡು ಹಲ್ಲು

ಪಂಪ್‌ಹೌಸ್
ಫೆಬ್ರವರಿ 6, ಗುರುವಾರ

ಅಕ್ಕಾ,

ನಾಲ್ಕು ತಿಂಗಳಿಂದ ಒಂದು ಸಾಲೂ ಬರೆಯದವನು ಇವತ್ತೇಕೆ ಪೆನ್ನು ಹಿಡಿದ ಎಂದು ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಸೋಮವಾರ ಬೆಳಿಗ್ಗೆ ಎರಡನೇ ನಂಬರ್ ವಾಲ್ವಿನ ಚಕ್ರ ತಿರುಗಿಸುವಾಗ ಎಡ ಎದೆಯಲ್ಲಿ ಚಳುಕು ಹೊಡೆಯಿತು. ಉಸಿರು ಎಳೆದುಕೊಳ್ಳಲು ಆಗಲಿಲ್ಲ. ಚಕ್ರ ಬಿಟ್ಟು ನೆಲದ ಮೇಲೆ ಕೂತುಬಿಟ್ಟೆ. ಜೊತೆಗಾರ ಓಡಿಬಂದು ನೀರು ಕೊಟ್ಟ. ಇಲ್ಲಿರುವುದು ನಾವಿಬ್ಬರೇ. ನಾನು ಅವನನ್ನು ಗೊರಕೆ ಎಂದು ಕರೆಯುತ್ತೇನೆ. ಅವನು ನನ್ನನ್ನು ಏನೆಂದು ಕರೆಯುತ್ತಾನೋ ಅದನ್ನು ಅಕ್ಕನಿಗೆ ಬರೆಯುವಂತಿಲ್ಲ.

"ಹಾರ್ಟ್ ಇರ್ಬೇಕು ಕಣಯ್ಯಾ," ಎಂದ ಗೊರಕೆ. ನಾನು ನಕ್ಕುಬಿಟ್ಟೆ. ಇಪ್ಪತ್ತೆರಡು ವರ್ಷದಿಂದ ಪಂಪು ಓಡಿಸುತ್ತಿದ್ದೇನೆ, ನನಗೇ ಪಾಠ ಹೇಳುತ್ತಾನೆ. ಹೃದಯ ಎಂದರೆ ಪಂಪು. ಅದರ ಹೊಟ್ಟೆ ತುಂಬ ರಕ್ತ. ಅಂಥದ್ದಕ್ಕೆ ರಕ್ತ ಸಾಲದೆ ಹೋಗುವುದು ಹೇಗೆ? ಕೆರೆಯಲ್ಲಿ ಕುತ್ತಿಗೆ ಮಟ್ಟ ನಿಂತವನಿಗೆ ಬಾಯಾರಿಕೆಯೇ? ಹಾಗೆಂದು ಅವನ ಬಾಯಿ ಮುಚ್ಚಿಸಿದೆ. ಆದರೆ ಅವನು ಆಚೆ ಹೋದ ಮೇಲೆ ಅಪ್ಪ ನೆನಪಾದರು. ಐವತ್ತೊಂದು ವರ್ಷ, ಬೂಟಿನ ದಾರ ಕಟ್ಟಲು ಬಗ್ಗಿದವರು ಮತ್ತೆ ಏಳಲಿಲ್ಲ. ನನಗೀಗ ನಲವತ್ತೇಳು. ಹೆದರಿಕೆಯಾಗುತ್ತಿದೆ ಅಕ್ಕಾ. ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಇಲ್ಲಿಂದ ಡಾಕ್ಟರೆಂದರೆ ಹನ್ನೊಂದು ಗಂಟೆಯ ದಾರಿ. ಫೋನಿದೆ, ಆದರೆ ಅದರ ಇನ್ನೊಂದು ತುದಿಯಲ್ಲಿರುವುದು ಕಂಟ್ರೋಲ್ ರೂಮು. ನೀರಿನ ಮಾತು ಬಿಟ್ಟು ಬೇರೆ ಮಾತಾಡುವಂತಿಲ್ಲ. ಗುರುವಾರಕ್ಕೊಮ್ಮೆ ಲಾರಿ ಬಂದು ಡೀಸೆಲ್ಲು, ದಿನಸಿ, ಟಪಾಲು ಇಳಿಸಿ ಎರಡು ಗಂಟೆ ನಿಂತು ಹೋಗುತ್ತದೆ. ಈಗ ಹಾರ್ನ್ ಹೊಡೆಯುತ್ತಿದ್ದಾನೆ. ನಿಲ್ಲಿಸುತ್ತೇನೆ.

ನಿನ್ನ ತಮ್ಮ


ಫೆಬ್ರವರಿ 14, ಶುಕ್ರವಾರ

ಮೊಂಡ,

ನಿನ್ನ ಕಾಗದ ಓದಿ ಜೀವ ಬಾಯಿಗೆ ಬಂತು. ನಾಲ್ಕು ತಿಂಗಳು ತುಟಿ ಹೊಲಿದುಕೊಂಡಿದ್ದು, ಬಾಯಿ ಬಿಟ್ಟದ್ದು ಇದನ್ನು ಹೇಳಲಿಕ್ಕೋ? ಕೆರೆಯಲ್ಲಿ ನಿಂತವನಿಗೆ ಬಾಯಾರಿಕೆಯೇ ಎಂದು ಕೇಳಿದ್ದೀಯಲ್ಲ, ಆ ಸಾಲನ್ನು ಹಾಗೇ ಚೀಟಿಯಲ್ಲಿ ಬರೆದುಕೊಂಡು ಹೃದಯದ ಡಾಕ್ಟರ ಹತ್ತಿರ ಹೋದೆ. ಹೌದು, ನಾನೇ ಹೋದೆ. ವರ್ಕ್‌ಶಾಪಿನ ಯಜಮಾನರು ಕೇಳಿದರು, "ಯಾರಿಗಮ್ಮ ಹುಷಾರಿಲ್ಲ?" "ನನ್ನ ತಮ್ಮನ ಎದೆಗೆ." "ತಮ್ಮ ಎಲ್ಲಿದ್ದಾನೆ?" "ಹನ್ನೊಂದು ಗಂಟೆ ದೂರದಲ್ಲಿ." ಅವರು ನನ್ನ ಮುಖ ನೋಡಿ, ಅರ್ಧ ದಿನ ರಜೆ ಕೊಟ್ಟರು.

ಡಾಕ್ಟರು ಹೆಂಗಸು. ನನ್ನದೇ ವಯಸ್ಸು, ಐವತ್ತನಾಲ್ಕೋ ಐದೋ ಇರಬೇಕು. ನಾನು ಹಲ್ಲಿನ ಸೆಟ್ಟು ಮಾಡುವವಳು ಎಂದ ಕೂಡಲೇ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಹೃದಯ ತೆಗೆದು ನನ್ನ ಕೈಗೇ ಇಟ್ಟರು. "ಕೈಯಲ್ಲಿ ಹಿಡ್ಕೊಂಡು ನೋಡಿ, ನಿಮಗೆ ಬೇಗ ಗೊತ್ತಾಗುತ್ತೆ," ಅಂದರು. ಗೊತ್ತಾಯಿತು. ಹೃದಯ ತನ್ನ ಹೊಟ್ಟೆಯೊಳಗಿನ ರಕ್ತವನ್ನು ಕುಡಿಯುವುದಿಲ್ಲವಂತೆ ಕಣೋ. ಅದನ್ನೆಲ್ಲ ಹೊರಗೆ ತಳ್ಳುತ್ತದೆ. ತಳ್ಳಿದ ರಕ್ತ ಹೋಗುವ ದೊಡ್ಡ ಕೊಳವೆಯ ಬುಡದಲ್ಲೇ ಸಣ್ಣ ಕೊಳವೆಗಳು ಕವಲೊಡೆದು, ಮುಖ್ಯವಾದವು ಮೂರು, ಹೃದಯದ ಹೊರಮೈ ಮೇಲೆ ಇಳಿದು ಬರುತ್ತವೆ. ಅದರ ಪಾಲು ಬರುವುದು ಅಲ್ಲಿಂದ ಮಾತ್ರ. ಬಡಿಸುವವಳು ಪಾತ್ರೆಗೇ ಬಾಯಿ ಹಾಕದೆ ತನ್ನ ತಟ್ಟೆಗೆ ಬಡಿಸಿಕೊಂಡು ಉಣ್ಣುವ ಹಾಗೆ. ಆ ಕೊಳವೆಗಳ ದಪ್ಪ ಎಷ್ಟು ಗೊತ್ತೇ? ಬೆಂಕಿಕಡ್ಡಿಯಷ್ಟು.

ಅವು ಒಳಗೊಳಗೇ ಕಿರಿದಾದರೆ, ಸುಮ್ಮನೆ ಕೂತಿರುವಾಗ ಬರುವಷ್ಟು ರಕ್ತ ಸಾಕಾಗುತ್ತದೆ. ಮೆಟ್ಟಿಲು ಹತ್ತಿದರೆ, ಭಾರ ಎತ್ತಿದರೆ, ಹೆದರಿದರೆ ಸಾಲದು. ಆಗ ನೋವು ಬರುತ್ತದೆ, ನಿಂತರೆ ಹೋಗುತ್ತದೆ. ಅದಕ್ಕೆ ಆಂಜೈನಾ ಎಂದು ಹೆಸರು. ನಿನ್ನನ್ನು ಕೇಳಬೇಕಾದ ಪ್ರಶ್ನೆಗಳನ್ನೂ ಬರೆಸಿಕೊಂಡು ಬಂದಿದ್ದೇನೆ. ದುಡಿಯುವಾಗ ಬಂದು, ಕೂತಾಗ ಹೋಗುತ್ತದೆಯೇ? ಬೆರಳಿನಿಂದ ಒತ್ತಿದರೆ ಅದೇ ಜಾಗ ನೋಯುತ್ತದೆಯೇ? ಒತ್ತಿದಾಗ ನೋಯುವುದು ಹೆಚ್ಚಾಗಿ ಬರೀ ಮಾಂಸಖಂಡದ್ದಂತೆ, ಅಷ್ಟು ಹೆದರಬೇಕಿಲ್ಲವಂತೆ. ತಪ್ಪದೆ ಉತ್ತರ ಬರಿ. ರಜೆ ಸಿಕ್ಕಿದ ದಿನವೇ ಹೊರಟು ಬಾ.

ಅಮ್ಮ ಹೋದಾಗ ನಿನಗೆ ಆರು, ನನಗೆ ಹದಿಮೂರು. ಅಂದಿನಿಂದ ನಿನ್ನ ಮೂಗು ಒರೆಸಿ ಅಭ್ಯಾಸವಾಗಿದೆ, ಈಗ ಬಿಡಲಾರೆ. ನಮ್ಮ ಮನೆಯಲ್ಲಿ ಉಳಿದಿರುವುದು ನಾವಿಬ್ಬರು ಎಂಬುದು ನೆನಪಿರಲಿ.

ನನ್ನ ಕಥೆ ಏನೂ ಇಲ್ಲ. ಪ್ಲಾಸ್ಟರ್ ಪುಡಿಯ ಚೀಲ ಹೊತ್ತು ವರ್ಕ್‌ಶಾಪಿಗೆ ಮೂರು ಮಹಡಿ ಹತ್ತುವಾಗ ಎಡಗಡೆ ಕೆಳದವಡೆಯ ಹಲ್ಲು ನೋಯುತ್ತದೆ. ಊರಿಗೆಲ್ಲ ಹಲ್ಲು ಮಾಡಿಕೊಡುವವಳ ಬಾಯಲ್ಲೇ ಹುಳುಕು. ದೀಪದ ಬುಡದಲ್ಲಿ ಕತ್ತಲೆ ಅಂದರೆ ಇದೇ. ಕೆಳಗಿನ ಮಹಡಿಯಲ್ಲಿ ಹಲ್ಲಿನ ಡಾಕ್ಟರಿದ್ದಾರೆ, ತೋರಿಸುತ್ತೇನೆ.

ಅಕ್ಕ


ಫೆಬ್ರವರಿ 20, ಗುರುವಾರ

ಅಕ್ಕಾ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಗೊರಕೆಗೂ ಓದಿ ಹೇಳಿದೆ. "ನಿನಗೆ ಇಂಥ ಅಕ್ಕ ಇದ್ದಾರೆ ಅಂತ ಹೇಳ್ಲೇ ಇಲ್ವಲ್ಲಯ್ಯಾ," ಎಂದ. ಹೊಟ್ಟೆಕಿಚ್ಚು ಅವನಿಗೆ. ಅವನಿಗೆ ಬರುವುದು ಬರೀ ಇಲಾಖೆಯ ಸುತ್ತೋಲೆ.

ನಿನ್ನ ಪ್ರಶ್ನೆಗಳಿಗೆ ಉತ್ತರ. ನೋವು ಇನ್ನೂ ಇದೆ. ದಿನಾ ಅಲ್ಲ, ಆಗಾಗ. ಕೆಲಸ ಮಾಡುವಾಗ ಬರುತ್ತದೆ. ಒತ್ತಿದರೆ ನೋಯುವುದಿಲ್ಲ. ರಜೆ ಏಪ್ರಿಲ್‌ವರೆಗೂ ಇಲ್ಲ.

ಆದರೆ ಕೊಳವೆ ಕಿರಿದಾಗಿದೆ ಎಂದೆಯಲ್ಲ, ಅದಕ್ಕೆ ನಮ್ಮ ಕಸುಬಿನಲ್ಲಿ ಮದ್ದಿದೆ. ಪೈಪಿನಲ್ಲಿ ಹೂಳು ಕಟ್ಟಿದರೆ ನಾವು ಪಂಪನ್ನು ಪೂರ್ತಿ ಒತ್ತಡದಲ್ಲಿ ಹತ್ತು ನಿಮಿಷ ಓಡಿಸುತ್ತೇವೆ. ಹೂಳು ಕೊಚ್ಚಿಕೊಂಡು ಹೋಗುತ್ತದೆ. ಇಲ್ಲಿ ಟ್ಯಾಂಕಿಗೆ ನೂರಹದಿನಾಲ್ಕು ಮೆಟ್ಟಿಲು. ದಿನಕ್ಕೊಂದು ಸಲ ಏದುಸಿರು ಬರುವ ಹಾಗೆ ಓಡಿ ಹತ್ತಿದರೆ ಹೇಗೆ? ಡಾಕ್ಟರಮ್ಮನನ್ನು ಕೇಳಿ ಬರಿ. ಉದ್ದವಾಗಿ ಬರಿ.

ಹಲ್ಲು ಕೀಳಿಸಿಬಿಡು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುವ ಚಿಂತೆ ನಿನಗಂತೂ ಬೇಡ, ಕೈಯಲ್ಲೇ ಕಾರ್ಖಾನೆ ಇದೆ.

ತಮ್ಮ


ಮಾರ್ಚ್ 1, ಶನಿವಾರ

ಮೊಂಡ,

ಓಡಬೇಡ. ಕೈಮುಗಿಯುತ್ತೇನೆ, ಒಂದು ಮೆಟ್ಟಿಲನ್ನೂ ಓಡಿ ಹತ್ತಬೇಡ. ನಿನ್ನ ಕಾಗದ ಓದಿ, ಮೇಣ ಕರಗಿಸಲು ಹೊತ್ತಿಸಿದ್ದ ಒಲೆಯನ್ನೂ ಆರಿಸದೆ ಡಾಕ್ಟರ ಹತ್ತಿರ ಹೋದೆ. ನಿನ್ನ ಹೂಳಿನ ಉಪಾಯ ಹೇಳಿದಾಗ ಅವರು ನಗಲಿಲ್ಲ. ಅದನ್ನು ನೋಡಿ ನನಗೆ ಇನ್ನೂ ಭಯವಾಯಿತು.

ಅದು ಹೂಳಲ್ಲವಂತೆ. ಕೊಳವೆಯ ಗೋಡೆಯೊಳಗೇ ಬೆಳೆದ ಕೊಬ್ಬಿನ ಗಂಟು. ನೀರು ಬಿಟ್ಟರೆ ಕೊಚ್ಚಿ ಹೋಗುವುದಿಲ್ಲ; ಒಂದು ದಿನ ಬಿರುಕು ಬಿಡುತ್ತದೆ. ಬಿರುಕಿನ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ, ಗಾಯದ ಮೇಲೆ ಕಟ್ಟುವ ಹಾಗೆಯೇ. ಬೆಂಕಿಕಡ್ಡಿಯ ದಪ್ಪದ ಕೊಳವೆ ನಿಮಿಷಗಳಲ್ಲಿ ಮುಚ್ಚಿಹೋಗುತ್ತದೆ. ಅದರಿಂದ ಆಚೆ ಇರುವ ಹೃದಯದ ಮಾಂಸಕ್ಕೆ ಏನೂ ಸಿಗುವುದಿಲ್ಲ, ಗಂಟೆಗಳಲ್ಲಿ ಸಾಯುತ್ತದೆ. ಸತ್ತದ್ದು ಮತ್ತೆ ಬರುವುದಿಲ್ಲ. ಅಪ್ಪನಿಗೆ ಆದದ್ದೂ ಅದೇ ಇರಬೇಕು ಎಂದರು. ಇಷ್ಟು ವರ್ಷ ನಾನು ಅಪ್ಪ ಬಗ್ಗಿದ್ದರಿಂದ ಹೋದರು ಎಂದುಕೊಂಡು ಬೂಟಿನ ಮೇಲೆ ಸಿಟ್ಟು ಇಟ್ಟುಕೊಂಡಿದ್ದೆ.

ಇನ್ನೊಂದು ಮಾತು ಹೇಳಿದರು, ಅದು ನಿನಗೆ ಬೇಕು. ಹೃದಯ ಒತ್ತುವಾಗ ತಾನು ಕುಡಿಯುವುದು ಕಡಿಮೆ. ಎರಡು ಬಡಿತದ ನಡುವೆ ಸಡಿಲಾಗುತ್ತದಲ್ಲ, ಹೆಚ್ಚಾಗಿ ಆಗ ಕುಡಿಯುತ್ತದೆ. ಓಡಿದರೆ ಬಡಿತ ಹೆಚ್ಚುತ್ತದೆ, ನಡುವಿನ ಬಿಡುವು ಕಡಿಮೆಯಾಗುತ್ತದೆ. ಅಂದರೆ ಹೆಚ್ಚು ಬೇಕಾದಾಗಲೇ ಕುಡಿಯಲು ಕಡಿಮೆ ಹೊತ್ತು. ನಿನ್ನ ಪಂಪಿನ ಬುದ್ಧಿ ಪಂಪ್‌ಹೌಸಿನಲ್ಲೇ ಇರಲಿ. ಇದರ ಜೊತೆ ಮಾತ್ರೆಯ ಸೀಸೆ ಕಳಿಸಿದ್ದೇನೆ. ನೋವು ಬಂದರೆ ಕೂತುಕೊಂಡು ಒಂದನ್ನು ನಾಲಿಗೆಯ ಕೆಳಗೆ ಇಟ್ಟುಕೊ, ನುಂಗಬೇಡ. ನೋಡದೆ ಮಾತ್ರೆ ಕೊಡಲಾರೆ ಎಂದವರನ್ನು ಗೋಗರೆದು ಬರೆಸಿಕೊಂಡಿದ್ದೇನೆ.

ಡಾಕ್ಟರು ನನ್ನನ್ನೂ ಒಂದು ಮಾತು ಕೇಳಿದರು, "ಯಾಕೆ ಹೀಗೆ ಬೆವರ್ತಿದ್ದೀರಿ?" "ಮೆಟ್ಟಿಲು," ಅಂದೆ. ಅವರ ಕಟ್ಟಡದ ಲಿಫ್ಟು ಚೆನ್ನಾಗಿಯೇ ಓಡುತ್ತದೆ ಎನ್ನುವುದು ಆಮೇಲೆ ನೆನಪಾಯಿತು.

ಹಲ್ಲು ಕೀಳಿಸಿಯಾಯಿತು. ಕಿತ್ತ ಮೇಲೆ ಹಲ್ಲಿನ ಡಾಕ್ಟರು ಅದನ್ನು ಬೆಳಕಿಗೆ ಹಿಡಿದು, "ಬೇರು ಚೆನ್ನಾಗೇ ಇದೆಯಲ್ಲಮ್ಮಾ," ಎಂದರು. ಹಾಗಾದರೆ ಪಕ್ಕದ್ದಿರಬೇಕು. ನೋವು ಹೋಗಿಲ್ಲ. ಮೆಟ್ಟಿಲು ಹತ್ತುವಾಗಲೇ ಬರುತ್ತದೆ, ವಿಚಿತ್ರ; ಎರಡನೇ ಮಹಡಿಯಲ್ಲಿ ಒಂದು ನಿಮಿಷ ಕೂತರೆ ಬಿಡುತ್ತದೆ. ಚೀಲವನ್ನು ಈಗ ಯಜಮಾನರೇ ಹೊರುತ್ತಾರೆ.

ಅಕ್ಕ


ಮಾರ್ಚ್ 6, ಗುರುವಾರ

ಅಕ್ಕಾ,

ಮಾತ್ರೆ ತಲುಪಿತು. ಓಡುವುದಿಲ್ಲ, ಆಣೆ. ಕಳೆದ ಮಂಗಳವಾರ ನೋವು ಮತ್ತೆ ಬಂದಿತ್ತು, ಒಂದು ಮಾತ್ರೆ ಇಟ್ಟುಕೊಂಡೆ, ಹೋಯಿತು. ಲಾರಿಯವನಿಗೆ ಅವಸರ, ಹೆಚ್ಚು ಬರೆಯಲಾರೆ. ಬುಧವಾರ ಪೈಪು ಸೋರುತ್ತಿದೆ ಎಂದು ಎಂಟನೇ ಕಿಲೋಮೀಟರಿನವರೆಗೆ ನಡೆದುಹೋಗಿ ಬಂದೆ, ಕಾಲು ನೋಯುತ್ತಿದೆ ಅಷ್ಟೆ. ನೀನು ಮಾತ್ರ ಹೋದ ಸಲದಷ್ಟೇ ಉದ್ದ ಬರಿ. ಡಾಕ್ಟರಮ್ಮ ಮತ್ತೇನು ಹೇಳಿದರು?

ತಮ್ಮ


ಮಾರ್ಚ್ 20, ಗುರುವಾರ

ಅಕ್ಕಾ,

ಹೋದ ಗುರುವಾರ ನಿನ್ನ ಕಾಗದ ಇರಲಿಲ್ಲ. ಇವತ್ತೂ ಇಲ್ಲ. ಟಪಾಲಿನ ಚೀಲವನ್ನು ಬೋರಲು ಹಾಕಿ ಕೊಡವಿದೆ. ಒಂದು ಸುತ್ತೋಲೆ ಬಿತ್ತು, ಅದು ಗೊರಕೆಯದು.

ಸಿಟ್ಟಾಗಿದ್ದೀಯಾ? ಎಂಟು ಕಿಲೋಮೀಟರ್ ನಡೆದೆ ಎಂದು ಬರೆದದ್ದಕ್ಕಾ? ಹಾಗಿದ್ದರೆ ಬೈದಾದರೂ ಬರಿ. ನೀನು ಬೈಯದೆ ಎರಡು ವಾರ ಇದ್ದದ್ದು ನನಗೆ ನೆನಪಿಲ್ಲ. ನಮ್ಮಲ್ಲಿ ಮೀಟರಿನ ಮುಳ್ಳು ಅಲುಗಾಡುತ್ತಿದ್ದರೆ ನಾವು ತಲೆ ಕೆಡಿಸಿಕೊಳ್ಳುವುದಿಲ್ಲ. ಸುಮ್ಮನೆ ನಿಂತರೆ ಮಾತ್ರ ಎದ್ದು ಹೋಗಿ ನೋಡುತ್ತೇವೆ.

ತಮ್ಮ


ಮಾರ್ಚ್ 22, ಶನಿವಾರ

ಮೊಂಡ,

ಬರೆಯುವುದು ತಡವಾಯಿತು. ಕೆಲಸ ಜಾಸ್ತಿ. ಅಕ್ಷರ ಸೊಟ್ಟಗಿದೆ ಎಂದು ನಗಬೇಡ. ಹಲ್ಲು ನಯ ಮಾಡುವ ಯಂತ್ರ ಹಿಡಿದು ಹಿಡಿದು ಎಡ ತೋಳು ಸೇದುತ್ತದೆ, ಕಾಗದ ಅದುಮಿ ಹಿಡಿಯಲು ಆಗುತ್ತಿಲ್ಲ.

ಎಂಟು ಕಿಲೋಮೀಟರ್ ನಡೆದೆಯಾ? ನಿನಗೆ ತಲೆ ನೆಟ್ಟಗಿದೆಯೇ? ಡಾಕ್ಟರು ಕೇಳಿದರೆ ನನಗೆ ಬೈಯುತ್ತಾರೆ. ನಾನು ಈಚೆಗೆ ಅವರ ಹತ್ತಿರ ಹೋಗಿಲ್ಲ. ಕೇಳುವುದಕ್ಕೆ ಏನೂ ಉಳಿದಿಲ್ಲ.

ಎರಡನೇ ಹಲ್ಲನ್ನೂ ಕೀಳಿಸಿದೆ. ಅದೂ ಚೆನ್ನಾಗಿಯೇ ಇತ್ತಂತೆ. ಮೂರನೆಯದನ್ನು ಮುಟ್ಟಲಾರೆ, ಬೇರೆ ಯಾರಿಗಾದರೂ ತೋರಿಸಿ ಎಂದರು. ಎದ್ದು ಬಂದೆ. ವರ್ಕ್‌ಶಾಪಿಗೆ ಹತ್ತುವಾಗ ಪ್ರತಿ ಮಹಡಿಯಲ್ಲೂ ಕೂರುತ್ತೇನೆ. ಒಂದನೇ ಮಹಡಿಯ ವಕೀಲರು ನನಗಾಗಿ ಒಂದು ಸ್ಟೂಲ್ ಹೊರಗಿಟ್ಟಿದ್ದಾರೆ. ಇವತ್ತು ಬೆಳಿಗ್ಗೆ ಕೂತುಕೊಂಡು ತಲೆ ಬಾಚಿದೆ. ಮುದುಕಿಯಾದೆ ನೋಡು.

ಮನೆಯ ಕಾಗದಗಳು ಬೀರುವಿನ ಮೇಲಿನ ಖಾನೆಯಲ್ಲಿ, ಹಳೆಯ ಸೀರೆಯ ಕೆಳಗಿವೆ. ಸುಮ್ಮನೆ ಹೇಳಿದೆ.

ನೀನು ಹುಷಾರು. ಮಾತ್ರೆ ಜೇಬಿನಲ್ಲೇ ಇರಲಿ.

ಅಕ್ಕ


ರೈಲ್ವೆ ಸ್ಟೇಷನ್
ಮಾರ್ಚ್ 27, ಗುರುವಾರ ಸಂಜೆ

ಅಕ್ಕಾ,

ಇದನ್ನು ನಿಂತುಕೊಂಡು ಓದಬೇಡ. ಎಲ್ಲಿದ್ದೀಯೋ ಅಲ್ಲೇ ಕೂತುಕೊ.

ನಿನ್ನ 22ರ ಕಾಗದ ಇವತ್ತು ಬೆಳಿಗ್ಗೆ ಬಂತು. ಓದಿ, ಹಿಂದಿನ ಎರಡನ್ನೂ ತೆಗೆದು, ನಾವು ಗಂಟೆಗೊಮ್ಮೆ ಒತ್ತಡ ಬರೆಯುವ ಪುಸ್ತಕದ ಪಕ್ಕದಲ್ಲಿ ಸಾಲಾಗಿ ಇಟ್ಟೆ. ಬಿಡಿಬಿಡಿಯಾಗಿ ಓದಿದಾಗ ಕಾಣದ್ದು ಸಾಲಾಗಿ ಇಟ್ಟಾಗ ಕಂಡಿತು. ಫೆಬ್ರವರಿ 14: ಚೀಲ ಹೊತ್ತು ಮೂರು ಮಹಡಿ, ದವಡೆ ನೋವು. ಮಾರ್ಚ್ 1: ಚೀಲ ಇಲ್ಲ, ಎರಡನೇ ಮಹಡಿಯಲ್ಲಿ ಕೂತರೆ ನೋವು ಬಿಡುತ್ತದೆ, ಬೆವರು. ಮಾರ್ಚ್ 22: ಪ್ರತಿ ಮಹಡಿಗೂ ಕೂರಬೇಕು, ಎಡ ತೋಳು, ತಲೆ ಬಾಚಲೂ ಕೂರಬೇಕು. ಯಾವ ಪಂಪಿನ ಪುಸ್ತಕದಲ್ಲಿ ಹೀಗೆ ಇಳಿದಿದ್ದರೂ ನಾನು ಆ ಕ್ಷಣ ಎದ್ದು ಓಡುತ್ತಿದ್ದೆ. ಗೊರಕೆಯನ್ನು ಕರೆದು ತೋರಿಸಿದೆ. "ಹಲ್ಲು ಎಲ್ಲಾದರೂ ಮೆಟ್ಟಿಲು ಹತ್ತುವಾಗ ನೋಯುತ್ತೇನಯ್ಯಾ?" ಎಂದ. ದುಡಿದಾಗ ಬರುತ್ತದೆ, ಕೂತರೆ ಹೋಗುತ್ತದೆ. ನನಗೆ ಅಕ್ಷರ ಅಕ್ಷರ ಬರೆದು ಕಲಿಸಿದವಳು ನೀನೇ. ಅದು ಹಲ್ಲಲ್ಲ ಅಕ್ಕಾ.

ಕಂಟ್ರೋಲ್ ರೂಮಿಗೆ ಫೋನ್ ಮಾಡಿ, ಯಾರನ್ನಾದರೂ ನಿನ್ನ ಹತ್ತಿರ ಕಳಿಸಿ ಎಂದು ಗೋಗರೆದೆ. "ಇದು ನೀರಿನ ಲೈನು," ಎಂದು ಇಟ್ಟುಬಿಟ್ಟ. ಪಂಪನ್ನು ಗೊರಕೆಗೆ ಬಿಟ್ಟು, ರಜೆಯನ್ನೂ ಕೇಳದೆ ಲಾರಿ ಹತ್ತಿದೆ. ಈಗ ಸ್ಟೇಷನ್ನಿನಲ್ಲಿದ್ದೇನೆ, ಇಲ್ಲಿಯ ಫೋನೂ ಸತ್ತಿದೆ. ಜನರ ಗಾಡಿ ಇರುವುದು ನಾಳೆ, ಅದೂ ಊರೂರಲ್ಲಿ ನಿಲ್ಲುವುದು. ಟಪಾಲು ಗಾಡಿ ಇನ್ನು ಅರ್ಧ ಗಂಟೆಗೆ ಹೊರಡುತ್ತದೆ, ಅದರಲ್ಲಿ ಮನುಷ್ಯರನ್ನು ಹತ್ತಿಸುವುದಿಲ್ಲ. ಈ ಕಾಗದ ನನಗಿಂತ ಒಂದು ದಿನ ಮೊದಲು ನಿನ್ನನ್ನು ಮುಟ್ಟುತ್ತದೆ. ನನಗೆ ಕಾಯಬೇಡ. ಮೆಟ್ಟಿಲು ಹತ್ತಬೇಡ. ಯಜಮಾನರಿಗೆ ಹೇಳಿ ಗಾಡಿ ತರಿಸಿ ಡಾಕ್ಟರಮ್ಮನ ಹತ್ತಿರ ಹೋಗು, ಈ ಸಲ ನಿನ್ನ ಹೆಸರಿನಲ್ಲಿ ಚೀಟಿ ಮಾಡಿಸು.

ಇನ್ನೊಂದು ಹೇಳಬೇಕು. ಬರೆಯಲು ನಾಚಿಕೆಯಾಗುತ್ತದೆ. ನನ್ನ ಎದೆಗೆ ಏನೂ ಆಗಿಲ್ಲ. ಚಕ್ರ ತಿರುಗಿಸುವಾಗ ಪಕ್ಕೆಯ ಮಾಂಸ ಸೆಳೆದುಕೊಂಡಿತ್ತು, ಐದನೇ ದಿನಕ್ಕೆ ಹೋಯಿತು. ಒತ್ತಿದರೆ ಅಲ್ಲೇ ನೋಯುತ್ತಿತ್ತು. ನಿನ್ನ ಮೊದಲ ಕಾಗದ ಬರುವ ಹೊತ್ತಿಗೆ ನಾನು ಹುಷಾರಾಗಿದ್ದೆ. ಆದರೆ ಅಷ್ಟುದ್ದದ ಕಾಗದ ನನಗೆ ಯಾರೂ ಬರೆದಿರಲಿಲ್ಲ. ಹುಷಾರಾದೆ ಎಂದರೆ ನೀನು ನಿಲ್ಲಿಸಿಬಿಡುತ್ತೀಯ ಅನ್ನಿಸಿತು. ಇನ್ನೊಂದು ಬರಲಿ, ಆಮೇಲೆ ಹೇಳುತ್ತೇನೆ ಎಂದುಕೊಂಡೆ. ಆಮೇಲೆ ಇನ್ನೊಂದು. ಮಂಗಳವಾರ ಇಟ್ಟುಕೊಂಡೆ ಎಂದ ಮಾತ್ರೆಯ ಸೀಸೆ ಬಂದದ್ದೇ ಗುರುವಾರ, ಅದರ ಮುಚ್ಚಳವನ್ನೂ ನಾನು ತೆಗೆದಿಲ್ಲ. ನೀನು ನನ್ನ ಸುಳ್ಳು ಎದೆಯನ್ನು ಕಾಯುತ್ತ ನಿನ್ನದನ್ನು ಮರೆತೆ. ನಿನಗೇನಾದರೂ ಆದರೆ ಅದನ್ನು ಮಾಡಿದವನು ನಾನು.

ಹೋಗು ಅಕ್ಕಾ. ದಮ್ಮಯ್ಯ, ಹೋಗು.

ತಮ್ಮ


ಆಸ್ಪತ್ರೆ
ಮಾರ್ಚ್ 29, ಶನಿವಾರ ಮಧ್ಯಾಹ್ನ

ಮೊಂಡ,

ನೀನು ಬಂದ ಕೂಡಲೇ ಕೊಡಿ ಎಂದು ಇದನ್ನು ನರ್ಸಮ್ಮನ ಕೈಯಲ್ಲಿ ಕೊಟ್ಟಿರುತ್ತೇನೆ. ಒಳಗೆ ಬಿಡುವುದು ಐದು ನಿಮಿಷ. ಐದು ನಿಮಿಷದಲ್ಲಿ ನಾವಿಬ್ಬರೂ "ಊಟ ಆಯ್ತಾ" ಎಂದು ಕೇಳಿಕೊಂಡು ಮುಗಿಸುತ್ತೇವೆ. ಅದಕ್ಕೇ ಬರೆಯುತ್ತಿದ್ದೇನೆ. ಪೆನ್ಸಿಲ್ ಅವರದು.

ನಿನ್ನ ಕಾಗದ ನಿನ್ನೆ ಬಂತು. ಅಂಚೆಯವರು ನನ್ನನ್ನು ಒಂದನೇ ಮಹಡಿಯ ಸ್ಟೂಲಿನ ಮೇಲೆ ಕಂಡು ಅಲ್ಲೇ ಕೈಗೆ ಕೊಟ್ಟರು. ಓದಿ ಸಿಟ್ಟು ನೆತ್ತಿಗೇರಿತು. ಐದು ವಾರ ಸುಳ್ಳು! ನಿನಗಾಗಿ ನಾನು ಎಂದೂ ಕೈಮುಗಿಯದ ದೇವರಿಗೂ ಕೈಮುಗಿದು ಬೇಡಿಕೊಂಡಿದ್ದೇನೆ. ಎದುರಿಗಿದ್ದಿದ್ದರೆ ಕೆನ್ನೆಗೆ ಒಂದು ಕೊಡುತ್ತಿದ್ದೆ. ಆಮೇಲೆ ನಿನಗೇನೂ ಆಗಿಲ್ಲ ಎನ್ನುವುದು ನಿಧಾನವಾಗಿ ತಲೆಗೆ ಹತ್ತಿತು, ಅಳು ಬಂತು. ಅತ್ತಾಗ ದವಡೆ ನೋಯಿತು. ಮೆಟ್ಟಿಲಿಲ್ಲ, ಚೀಲವಿಲ್ಲ, ಕೂತಲ್ಲೇ ನೋವು. ಆಗ ಯಜಮಾನರನ್ನು ಕೂಗಿದೆ.

ಸುಳ್ಳು ನಿನ್ನದು ಮಾತ್ರವಲ್ಲ. ಮಾರ್ಚ್ 1ರ ಕಾಗದದಲ್ಲಿ ನಾನು ಒಂದು ಮಾತು ಬಿಟ್ಟಿದ್ದೆ. ಅವತ್ತು ನನ್ನ ಬೆವರು ನೋಡಿ ಡಾಕ್ಟರು ಹೇಳಿದ್ದರು, "ಹೆಂಗಸರಿಗೆ ಎಷ್ಟೋ ಸಲ ಎದೆನೋವೇ ಬರಲ್ಲ. ದವಡೆ, ಬೆನ್ನು, ತೋಳು, ಬರೀ ಸುಸ್ತು. ನಿಮಗೇನಾದರೂ ಇದೆಯಾ?" ಇಲ್ಲ ಎಂದೆ. ಬಾಯೊಳಗೆ ಕಿತ್ತ ಹಲ್ಲಿನ ಗಾಯ ಇನ್ನೂ ಹಸಿಯಾಗಿತ್ತು, ಅದನ್ನು ನಾಲಿಗೆಯಿಂದ ಮುಟ್ಟಿಕೊಳ್ಳುತ್ತ ಇಲ್ಲ ಎಂದೆ. ಎಲ್ಲ ಗೊತ್ತಿದ್ದೇ ಮೂರು ವಾರದ ಮೇಲೆ ಹೋಗಿ ಎರಡನೆಯದನ್ನು ಕೀಳಿಸಿದೆ. ಬುದ್ಧಿ ಇರಲಿಲ್ಲ ಎಂದುಕೊಳ್ಳಬೇಡ. ಹೆದರಿದ್ದೆ. ಹಲ್ಲು ಎಂದರೆ ಕಿತ್ತು ಬಿಸಾಡಬಹುದು. ಹೃದಯ ಎಂದರೆ ಅಪ್ಪ.

ನಿನ್ನೆ ಇ.ಸಿ.ಜಿ. ತೆಗೆದವರು ಮನೆಗೆ ಬಿಡಲಿಲ್ಲ. ಇವತ್ತು ಬೆಳಿಗ್ಗೆ ತೊಡೆಯಲ್ಲಿ ಸಣ್ಣ ನಳಿಕೆ ತೂರಿಸಿ, ಬಣ್ಣ ಬಿಟ್ಟು ಫೋಟೋ ತೆಗೆದರು. ಪರದೆಯ ಮೇಲೆ ನಾನೂ ನೋಡಿದೆ. ಎಡಗಡೆಯ ಕೊಳವೆ ಎರಡಾಗಿ ಒಡೆಯುವ ಮೊದಲೇ, ಬುಡದಲ್ಲೇ, ದಾರದ ಎಳೆಯಷ್ಟಾಗಿದೆ. ಅಲ್ಲಿ ಮುಚ್ಚಿದರೆ ಎರಡೂ ಕವಲು ಒಟ್ಟಿಗೆ ಹೋಗುತ್ತವೆ. ಸೋಮವಾರ ಬೆಳಿಗ್ಗೆ ಆಪರೇಷನ್. ಕಾಲಿನ ರಕ್ತನಾಳ ತೆಗೆದು, ಕೆಟ್ಟ ಜಾಗ ದಾಟಿಸಿ ಬೇರೆ ದಾರಿ ಹೊಲಿಯುತ್ತಾರಂತೆ.

ನನಗೆ ತುಂಬ ಭಯವಾಗುತ್ತಿದೆ. ಯಾರನ್ನು ಕೇಳಿದರೂ "ಏನೂ ಆಗಲ್ಲಮ್ಮಾ" ಎನ್ನುತ್ತಾರೆ, ಮಗುವಿಗೆ ಹೇಳುವ ಹಾಗೆ. ಹಾಗೆ ಹೇಳಿದಷ್ಟೂ ಹೆದರಿಕೆ ಹೆಚ್ಚಾಗುತ್ತದೆ. ನೀನು ಸರ್ಜನ್ ಹತ್ತಿರ ಹೋಗಿ ಕೇಳು. ಅವರು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದು ಕಳಿಸು. ಇದೊಂದು ಸಲ ನನಗೆ ನಿಜ ಹೇಳು. ಅದು ಎಂಥದ್ದಾದರೂ ಸರಿ.

ಅಕ್ಕ


ಆಸ್ಪತ್ರೆಯ ಕಾರಿಡಾರ್
ಮಾರ್ಚ್ 30, ಭಾನುವಾರ ಸಂಜೆ

ಅಕ್ಕಾ,

ನಿನ್ನೆ ಗಾಜಿನ ಆಚೆಯಿಂದ ನೀನು ಕೈ ಎತ್ತಿದೆ, ನಾನು ನಕ್ಕೆ. ಆ ನಗು ಸುಳ್ಳು. ಒಳಗೆ ಬಂದ ಐದು ನಿಮಿಷ ನಾನು ಆಡಿದ್ದೂ ಬರೀ ಸುಳ್ಳು. ಹೊರಗೆ ಬಂದು ಬಾತ್‌ರೂಮಿನಲ್ಲಿ ನಲ್ಲಿ ತಿರುಗಿಸಿಟ್ಟು ಅತ್ತೆ.

ಸರ್ಜನ್ ಇವತ್ತು ನಾಲ್ಕು ಗಂಟೆಗೆ ಸಿಕ್ಕರು. ಒಂದಕ್ಷರ ಬಿಡದೆ ಬರೆಯುತ್ತಿದ್ದೇನೆ. ಆಪರೇಷನ್ ಮಾಡದಿದ್ದರೆ ಎಷ್ಟು ದಿನ ಎಂದು ಕೇಳಿದೆ. "ದಿನದ ಲೆಕ್ಕ ನಾನು ಹೇಳಲ್ಲ. ಆದರೆ ಅವರನ್ನು ಮನೆಗೆ ಕಳಿಸೋ ಧೈರ್ಯ ನನಗಿಲ್ಲ," ಎಂದರು. ಮಾಡಿದರೆ? "ಇವರ ಸ್ಥಿತಿಯಲ್ಲಿ ನೂರು ಜನರಿಗೆ ಮಾಡಿದರೆ ಐದು ಜನ ಏಳಲ್ಲ." ಐದು. ನಾನು ಮತ್ತೆ ಕೇಳಿದೆ, ಕಡಿಮೆ ಹೇಳಿಯಾರು ಎಂದು. ಐದೇ ಎಂದರು. ನಾಲ್ಕು ಎಂದು ನಿನಗೆ ಬರೆಯೋಣ ಅನ್ನಿಸಿತು. ಬರೆಯಲಿಲ್ಲ.

ಅದನ್ನು ಹೇಗೆ ಮಾಡುತ್ತಾರೆ ಎಂದೂ ಕೇಳಿದೆ. ಕೇಳಬಾರದಿತ್ತು. ಹೃದಯವನ್ನು ತಣ್ಣಗೆ ಮಾಡಿ ನಿಲ್ಲಿಸುತ್ತಾರೆ. ಅಷ್ಟು ಹೊತ್ತೂ ಪಕ್ಕದಲ್ಲಿ ಇನ್ನೊಂದು ಯಂತ್ರ ನಿನ್ನ ರಕ್ತ ಓಡಿಸುತ್ತದೆ. ಹೊಲಿಗೆ ಮುಗಿದ ಮೇಲೆ ಮತ್ತೆ ಶುರು ಮಾಡುತ್ತಾರೆ. ಅವರು ಇದನ್ನು ಸಲೀಸಾಗಿ ಹೇಳಿದರು. ನಿಲ್ಲಿಸುವುದು ಯಾರಿಗೂ ಕಷ್ಟವಲ್ಲ ಅಕ್ಕಾ. ನಿಂತ ಪಂಪಿಗೆ ಮತ್ತೆ ಸ್ವಿಚ್ಚು ಹಾಕುವಾಗ, ಅದು ಹಿಡಿಯುತ್ತದೋ ಇಲ್ಲವೋ ಎಂದು ನೋಡುವ ಆ ಮೂರು ನಾಲ್ಕು ಕ್ಷಣ, ಇಪ್ಪತ್ತೆರಡು ವರ್ಷದ ಮೇಲೂ ನಾನು ಉಸಿರು ಬಿಡುವುದಿಲ್ಲ. ನಾಳೆ ಆ ಕ್ಷಣ ಯಾವಾಗ ಬರುತ್ತದೆ ಎಂದು ನನಗೆ ಹೊರಗೆ ಗೊತ್ತೂ ಆಗುವುದಿಲ್ಲ.

ಒಂದು ಸಲಕ್ಕೆ ಹಿಡಿಯದಿದ್ದರೆ ಎಂದು ಕೇಳಿದೆ. "ಕೆಲವೊಮ್ಮೆ ಹಾಗಾಗುತ್ತೆ. ಸಣ್ಣ ಶಾಕ್ ಕೊಡ್ತೀವಿ, ಮತ್ತೆ ಕೊಡ್ತೀವಿ. ಅಷ್ಟು ಬೇಗ ಕೈ ಬಿಡಲ್ಲ," ಎಂದರು. ಅವರ ಕೈ ನೋಡಿದೆ. ನಡುಗುತ್ತಿರಲಿಲ್ಲ.

ಇಷ್ಟೇ ನಿಜ. ಇದಕ್ಕಿಂತ ಒಳ್ಳೆಯದು ನನ್ನ ಹತ್ತಿರ ಇಲ್ಲ. ನಿನ್ನನ್ನು ಬಿಟ್ಟು ಬದುಕುವುದು ನನಗೆ ಗೊತ್ತಿಲ್ಲ, ಆರು ವರ್ಷದವನಿದ್ದಾಗಿನಿಂದಲೂ ಗೊತ್ತಿಲ್ಲ. ಐದು ವಾರ ಸುಳ್ಳು ಹೇಳಿದೆ, ಕ್ಷಮಿಸು.

ತಮ್ಮ


ಮಾರ್ಚ್ 31, ಸೋಮವಾರ
ಬೆಳಿಗ್ಗೆ ಏಳು ಗಂಟೆ

ಮೊಂಡ,

ನಿನ್ನ ಚೀಟಿ ಎರಡು ಸಲ ಓದಿದೆ. ಐದು ಎಂದು ಬರೆದದ್ದು ಒಳ್ಳೆಯದಾಯಿತು. ನಾಲ್ಕು ಎಂದಿದ್ದರೂ ಒಂದೇ ಎಂದಿದ್ದರೂ ನಂಬುತ್ತಿರಲಿಲ್ಲ. ಭಯ ಹೋಗಿಲ್ಲ. ಆದರೆ ಓದಿದ ಮೇಲೆ ನಿದ್ದೆ ಬಂತು. ಎರಡು ತಿಂಗಳಿಂದ ಅಷ್ಟು ನಿದ್ದೆ ಮಾಡಿರಲಿಲ್ಲ.

ನರ್ಸಮ್ಮ ನನ್ನ ಬಳೆ ಬಿಚ್ಚಿ ಪೊಟ್ಟಣ ಕಟ್ಟಿದ್ದಾರೆ, ನಿನ್ನ ಕೈಗೆ ಕೊಡುತ್ತಾರೆ. ಏನಾದರೂ ತಿನ್ನು. ಆ ಬೆಂಚಿನ ಮೇಲೆ ಖಾಲಿ ಹೊಟ್ಟೆಯಲ್ಲಿ ಕೂತಿರಬೇಡ, ಬಿದ್ದುಗಿದ್ದೀಯ. ಒಂದು ದಿನಕ್ಕೆ ಒಬ್ಬರು ಸಾಕು. ನಾನು ಒಳಗೆ ಇರುವಾಗ ಡಾಕ್ಟರಮ್ಮನ ಹತ್ತಿರ ನಿನ್ನ ಎದೆಯನ್ನೂ ತೋರಿಸು. ಸುಮ್ಮನೆ ಹೇಳುತ್ತಿಲ್ಲ. ನೀನೂ ಅಪ್ಪನ ಮಗನೇ.

ತಳ್ಳುಗಾಡಿ ಬಾಗಿಲಿಗೆ ಬಂದಿದೆ. ಪೆನ್ಸಿಲ್ ಕೇಳುತ್ತಿದ್ದಾರೆ.

ಹೋಗಿ ಬರ್ತೀನಿ.